ಕಪಿಲೆ ಬಾವಿಯಲ್ಲಿ ‘ಯೂಸ್ಡ್ ಟು’ ಪಾಠ

ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಹೊಸದಾಗಿ ಸೇರಿದವರು ದುರ್ಗದ ನಮ್ಮ ಮನೆಗೆ ಆಗಾಗ ಬರುತ್ತಾರೆ. ಟೀ ಕುಡಿದು, ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಮಿಸುಕಾಡಿ, ಕೊನೆಗೆ ಕೇಳುವುದು ಒಂದೇ ಮಾತು: ‘ಮೇಡಂ, ಗ್ರಾಮರ್ ಅಂದ್ರೆ ಮಕ್ಕಳು ನಿದ್ದೆ ಹೋಗ್ತಾರೆ. ಏನ್ಮಾಡೋದು?’ ಹೋದರೆ ಹೋಗಲಿ ಬಿಡಿ, ನಿದ್ದೆಯಲ್ಲಿರುವ ಮಕ್ಕಳಿಗೆ ಅಪಾಯವಿಲ್ಲ ಎನ್ನುತ್ತೇನೆ. ಅವರು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ನಾನು ಮೊದಲು ಹಿರಿಯೂರು ತಾಲ್ಲೂಕಿನ ಧರ್ಮಪುರದಲ್ಲಿ, ಆಮೇಲೆ ಹೊಳಲ್ಕೆರೆ ಕಡೆಯ ಒಂದು ಹಳ್ಳಿಯಲ್ಲಿ, ಕೊನೆಗೆ ದುರ್ಗದಲ್ಲಿ ಕೆಲಸ ಮಾಡಿದೆ. ಯಾವಾಗ ಯಾವ ಬಡ್ತಿ ಬಂತು ಎನ್ನುವುದು ನನಗೇ ಸರಿಯಾಗಿ ನೆನಪಿಲ್ಲ. ನೆನಪಿರುವುದು ವ್ಯಾಕರಣದ ಒಂದು ತುಣುಕು, ಒಬ್ಬ ಮನುಷ್ಯ ಮತ್ತು ಒಂದು ಬಾವಿ. ಆ ಮನುಷ್ಯನ ಮೇಲೆ ನನಗಿದ್ದದ್ದು ಹೊಟ್ಟೆಕಿಚ್ಚು. ಇನ್ನೂ ಇದೆ. ನಿವೃತ್ತಿಯಾದ ಮೇಲೂ ಅದನ್ನು ಬೇರೆ ಹೆಸರಿನಿಂದ ಕರೆಯುವ ಕಷ್ಟ ಯಾಕೆ?

ತುಣುಕು ಎಂದೆನಲ್ಲ, ಅದು ‘ಯೂಸ್ಡ್ ಟು’. ಹಿಂದೆ ದಿನಾ ಮಾಡುತ್ತಿದ್ದ, ಈಗ ಬಿಟ್ಟುಹೋದ ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ ಅದು ಬೇಕು. ನಮ್ಮ ಮಕ್ಕಳಿಗೆ ಅದು ಯಾಕೆ ಕಷ್ಟ ಎನ್ನುವುದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ‘ನಾನು ಹೊಲಕ್ಕೆ ಹೋಗುತ್ತಿದ್ದೆ’ ಎಂದು ಕನ್ನಡದಲ್ಲಿ ಅಂದರೆ, ನಿನ್ನೆ ದಾರಿಯಲ್ಲಿ ಸಿಕ್ಕಾಗ ಹೋಗುತ್ತಿದ್ದದ್ದೂ ಆಯಿತು, ಚಿಕ್ಕಂದಿನಲ್ಲಿ ದಿನಾ ಹೋಗುತ್ತಿದ್ದದ್ದೂ ಆಯಿತು. ನಮಗೆ ಒಂದೇ ಮಾತು ಸಾಕು. ಇಂಗ್ಲಿಷಿಗೆ ಎರಡು ಬೇಕು. ಮಕ್ಕಳು ಇದನ್ನು ಹಿಡಿಯುವಷ್ಟರಲ್ಲಿ ‘ಐ ಯೂಸ್ ಟು ಬ್ರಷ್ ಮೈ ಟೀತ್ ಡೈಲಿ’ ಎಂದು ಇವತ್ತಿನ ಹಲ್ಲುಜ್ಜುವಿಕೆಯನ್ನೂ ಅದರೊಳಗೆ ತುರುಕಿರುತ್ತಾರೆ. ಕಾಲೇಜು ಮುಗಿಸಿದವರೂ ಹಾಗೆಯೇ ಹೇಳುತ್ತಾರೆ. ಬೇಕಾದರೆ ಯಾವುದಾದರೂ ಬ್ಯಾಂಕಿನಲ್ಲಿ ನಿಂತು ಕೇಳಿ.

ಧರ್ಮಪುರದಲ್ಲಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ನಮ್ಮ ವಿಧಾನವೆಂದರೆ ಬದಲಿ ಪಟ್ಟಿ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕಂಬಸಾಲು ಬರೆದು ಗೋಡೆಗೆ ಅಂಟಿಸುವುದು. ಮೊದಲ ಸಾಲಿನಲ್ಲಿ ಐ, ಹಿ, ಶಿ, ದೇ. ಎರಡನೆಯದರಲ್ಲಿ ಯೂಸ್ಡ್ ಟು. ಮೂರನೆಯದರಲ್ಲಿ ಗೋ, ವಾಕ್, ವರ್ಕ್. ಕೊನೆಯದರಲ್ಲಿ ಹೊಲ, ಶಾಲೆ, ಸಂತೆ. ಅಡ್ಡಡ್ಡ ಓದಿದರೆ ಎಷ್ಟು ಬೇಕಾದರೂ ವಾಕ್ಯ. ಅರ್ಧಕ್ಕರ್ಧ ಮಕ್ಕಳ ಮನೆಮಾತು ತೆಲುಗು. ಕನ್ನಡದಲ್ಲಿ ವಿವರಿಸಿದರೂ ಅವರಿಗೆ ಅದು ಎರಡನೇ ಭಾಷೆಯೇ. ಹಾಗಾಗಿ ವಿವರಣೆ ಕಡಿಮೆ, ಒಟ್ಟಿಗೆ ಕೂಗಿಸುವುದು ಹೆಚ್ಚು.

ಒಂದು ದಿನ ವಿಷಯ ಪರಿವೀಕ್ಷಕರು ಬಂದು ಮುಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿ, ನಿಮ್ಮಪ್ಪ ಹಿಂದೆ ಏನು ಮಾಡುತ್ತಿದ್ದರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವಳು ಕಣ್ಣು ಮುಚ್ಚಿ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿಬಿಟ್ಟಳು: ‘ಐ ಹಿ ಶಿ ದೇ ಯೂಸ್ಡ್ ಟು ಗೋ ವಾಕ್ ವರ್ಕ್.’ ಪರಿವೀಕ್ಷಕರು ನನ್ನ ಕಡೆ ತಿರುಗಿ, ‘ಇವರಪ್ಪ ಭಾರಿ ಕೆಲಸಗಾರ ಇದ್ದಂಗೈತೆ ಮೇಡಂ’ ಎಂದರು. ನನ್ನ ಕಿವಿ ಬಿಸಿಯಾಯಿತು.

ಆಮೇಲೆ ನಾನು ಕೋಲು ಹಿಡಿದೆ. ಹೊಡೆಯಲಿಕ್ಕಲ್ಲ, ಕುಟ್ಟಲಿಕ್ಕೆ. ವಾಕ್ಯವನ್ನು ತುಂಡು ಮಾಡಿ, ಒಂದೊಂದು ತುಂಡಿಗೆ ಮೇಜಿನ ಮೇಲೆ ಒಂದೊಂದು ಸಲ ಕುಟ್ಟುವುದು. ಕುಟ್ಟಿದರೆ ಹೇಳಬೇಕು. ಕುಟ್ಟದಿದ್ದರೆ ಉಸಿರೂ ಎತ್ತಬಾರದು. ಕೋಲು ಭುಜಕ್ಕೆ ಮುಟ್ಟಿದರೆ ನಿನ್ನ ಸರದಿ ಮುಗಿಯಿತು, ಬದಿಗೆ ಸರಿ ಎಂದರ್ಥ. ಜೋರಾಗಿ ಒಂದೇ ಸಲ ಬಡಿದರೆ ಇಡೀ ಕ್ಲಾಸು ಇದ್ದಲ್ಲೇ ಕಲ್ಲು. ಕೆಮ್ಮು ಬಂದ ಮಕ್ಕಳು ಮುಂದಿನ ಕುಟ್ಟಿಗೆ ಕಾಯುತ್ತಿದ್ದದ್ದನ್ನು ಕಂಡಿದ್ದೇನೆ. ನನ್ನ ಬೆನ್ನ ಹಿಂದೆ ಮಕ್ಕಳು ‘ಒನಕೆ ಮೇಡಂ’ ಎನ್ನುತ್ತಿದ್ದರಂತೆ. ಅನ್ನಲಿ. ವಾಕ್ಯ ಸರಿಯಾಗಿ ಬರುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ನನಗೆ ಹೊಳಲ್ಕೆರೆ ಕಡೆಗೆ ವರ್ಗವಾಯಿತು. ಅಲ್ಲಿ ಎರಡು ವರ್ಷ ಇಡೀ ಶಾಲೆಗೆ ನಾನೊಬ್ಬಳೇ ಇಂಗ್ಲಿಷಿನವಳು. ಮೂರನೇ ವರ್ಷ ಪರಮೇಶ್ವರಪ್ಪನವರು ಬಂದರು. ಎರಡೇ ದಿನಕ್ಕೆ ಮಕ್ಕಳ ಬಾಯಲ್ಲಿ ‘ಪರಮೇಶಿ ಸಾರ್’ ಆದರು. ಸಿರಿಗೆರೆಯಲ್ಲಿ ಓದಿದವರು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರು, ಆಗಷ್ಟೇ ಬೆಂಗಳೂರಿನಲ್ಲಿ ಒಂದು ತಿಂಗಳ ತರಬೇತಿ ಮುಗಿಸಿಕೊಂಡು ಬಂದಿದ್ದರು. ಪಟ್ಟಿ ಬೇಡ, ಕೂಗಿಸುವುದು ಬೇಡ, ಮಕ್ಕಳು ಆಡುತ್ತಾ ಕಲಿಯಬೇಕು ಎನ್ನುವ ಹೊಸ ಗಾಳಿ ಅದು. ಹೆಡ್‌ಮಾಸ್ಟರು ಒಂಬತ್ತನೇ ತರಗತಿಯನ್ನು ಅವರಿಗೆ ಕೊಟ್ಟರು. ಎಂಟರಲ್ಲಿ ನಾನು ವರ್ಷವಿಡೀ ಕುಟ್ಟಿ ಕುಟ್ಟಿ ತಯಾರು ಮಾಡಿದ್ದ ಮಕ್ಕಳು ಅವರು. ಹದ ಮಾಡಿದ ಹೊಲವನ್ನು ಬಿತ್ತುವ ಹೊತ್ತಿಗೆ ಬೇರೆಯವರಿಗೆ ಬಿಟ್ಟುಕೊಟ್ಟ ಹಾಗಿತ್ತು.

ಅವರ ಕ್ಲಾಸಿಗೂ ನನ್ನದಕ್ಕೂ ನಡುವೆ ಹಲಗೆಯ ಅಡ್ಡಗೋಡೆ. ಎಲ್ಲ ಕೇಳಿಸುತ್ತಿತ್ತು. ‘ಯೂಸ್ಡ್ ಟು’ ಶುರು ಮಾಡಿದ ದಿನ ಅವರು ಬೋರ್ಡನ್ನೇ ಮುಟ್ಟಲಿಲ್ಲ. ಮನೆಯಲ್ಲಿ ಅಜ್ಜ ಅಜ್ಜಿಯನ್ನು ಕೇಳಿಕೊಂಡು ಬನ್ನಿ, ಹಿಂದೆ ಏನೇನು ಮಾಡುತ್ತಿದ್ದರು ಅಂತ, ಎಂದು ಕಳಿಸಿದರು. ಮರುದಿನ ಮಕ್ಕಳು ಮೈಮೇಲೆ ಬಂದವರ ಹಾಗೆ ಶುರು ಮಾಡಿದರು. ನಮ್ಮಜ್ಜಿ ರಾಗಿ ಬೀಸುತ್ತಿದ್ದಳು, ನಮ್ಮಜ್ಜ ದುರ್ಗಕ್ಕೆ ನಡೆದುಕೊಂಡೇ ಹೋಗುತ್ತಿದ್ದ, ಎಲ್ಲ ಅರೆಬರೆ ಇಂಗ್ಲಿಷಿನಲ್ಲಿ. ಆ ಕ್ಲಾಸಿನಲ್ಲಿ ಓಬಳೇಶ ಎಂಬ ಹುಡುಗನಿದ್ದ. ಕಡ್ಡಿಯಂಥ ಕಾಲು, ಗಂಟೆಯಂಥ ಗಂಟಲು. ಅವನು ಎದ್ದು, ‘ಮೈ ಫಾದರ್ ಯೂಸ್ಡ್ ಟು ಬೀಟ್ ಮಿ’ ಎಂದ.

‘ಈಗ ಹೊಡಿಯಲ್ವೇನಲೇ?’ ಪರಮೇಶಿ ಕೇಳಿದರು.

‘ಈಗ ಸಿಗಾಕಿಲ್ಲ ಸಾರ್ ನಾನು. ಓಡೋಗ್ತೀನಿ.’

‘ಹಂಗಾದ್ರೆ ವಾಕ್ಯ ಸರಿ ಐತೆ, ಕುಂತ್ಕ.’

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಹಲಗೆಯ ಈಚೆಗಿದ್ದ ನನ್ನ ಮಕ್ಕಳೂ ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಕೋಲು ಬಡಿದೆ. ಆಚೆ ಅಂಥ ನಗು, ಈಚೆ ಇಂಥ ಮೌನ. ಸ್ಟಾಫ್‌ರೂಮಿನಲ್ಲಿ ಹೆಡ್‌ಮಾಸ್ಟರು, ‘ಏನ್ರಿ ಶಾಂತಮ್ಮನೋರೆ, ಪಕ್ಕದ ರೂಮಲ್ಲಿ ಮದುವೆಮನೆ, ನಿಮ್ಮ ರೂಮಲ್ಲಿ ಸಂತಾಪ ಸಭೆ’ ಎಂದರು. ಎಲ್ಲರೂ ನಕ್ಕರು. ಪರಮೇಶಿ ಮಾತ್ರ, ‘ಸುಮ್ನಿರಿ ಸಾರ್. ಮೇಡಂ ಮಕ್ಕಳ ಸ್ಪೆಲಿಂಗ್ ನೋಡಿದ್ರೆ ನಂಗೆ ಹೊಟ್ಟೆ ಉರೀತದೆ’ ಎಂದರು. ಹೊಟ್ಟೆ ಉರಿಯುವವರು ಹಾಗೆ ನಗುನಗುತ್ತಾ ಹೇಳುವುದಿಲ್ಲ. ನನಗೆ ಗೊತ್ತು.

ಅವರ ಮೇಜಿನ ಮೇಲೆ ದಿನಾ ಏನಾದರೊಂದು ಇರುತ್ತಿತ್ತು. ಹುಣಸೆಯ ಎಳೆಗಾಯಿ, ಒಂದು ಹಿಡಿ ಹಸಿ ಶೇಂಗಾ, ಕಾಲಕ್ಕೆ ನೇರಳೆಹಣ್ಣು. ನನ್ನ ಮೇಜಿನ ಮೇಲೆ ಹಾಜರಿ ಪುಸ್ತಕ. ಒಂದು ಬೆಳಿಗ್ಗೆ ಅದರ ಪಕ್ಕದಲ್ಲಿ ಒಂದು ಸೀಬೆಹಣ್ಣು ಕಂಡಿತು. ಇಡೀ ಪೀರಿಯಡ್ ಅದನ್ನು ಮುಟ್ಟಲಿಲ್ಲ, ಆದರೆ ಅವತ್ತು ಒಮ್ಮೆಯೂ ಗದರಲಿಲ್ಲ. ಗಂಟೆಯಾದ ಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, ‘ಮೇಡಂ, ಅದು ಪರಮೇಶಿ ಸಾರ್‌ಗೆ ತಂದಿದ್ದು. ರೂಮು ತಪ್ಪಿ ಇಟ್ಬಿಟ್ಟೆ’ ಎಂದಳು. ತಗೊಂಡು ಹೋಗಮ್ಮ ಎಂದೆ.

ಆ ವರ್ಷ ಪರಿವೀಕ್ಷಕರು ತಾಲ್ಲೂಕಿನ ಇಂಗ್ಲಿಷ್ ಶಿಕ್ಷಕರನ್ನೆಲ್ಲ ನಮ್ಮ ಶಾಲೆಗೆ ಕರೆಸಿ, ಪರಮೇಶಿಯವರ ಮಾದರಿ ಪಾಠ ತೋರಿಸಬೇಕೆಂದು ನಿರ್ಧರಿಸಿದರು. ಮಾದರಿ ಪಾಠವೆಂದರೆ ಹಿಂದಿನ ಬೆಂಚುಗಳಲ್ಲಿ ಬೇರೆ ಶಾಲೆಯ ಮೇಷ್ಟ್ರುಗಳು ಕೂತು ನೋಡುವುದು. ಪರಮೇಶಿ ಅದನ್ನು ಕ್ಲಾಸಿನಿಂದಲೇ ಹೊರಗೆ ತಂದರು. ಶಾಲೆಯ ಹಿಂದೆ ತಿಪ್ಪಣ್ಣನ ಹೊಲದಲ್ಲಿ ಒಂದು ಕಪಿಲೆ ಬಾವಿ ಇತ್ತು. ಬಾವಿಯ ದಡದಲ್ಲಿ ಎರಡು ಕಲ್ಲುಕಂಬ, ನಡುವೆ ಮರದ ಗಾಲಿ, ಅಲ್ಲಿಂದ ಕೆಳಕ್ಕೆ ಎತ್ತುಗಳು ನಡೆದು ನಡೆದು ತಗ್ಗಾದ ಇಳಿಜಾರು. ಹಗ್ಗ ಕಟ್ಟಿದ ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಬಾವಿಯಿಂದ ಚರ್ಮದ ಚೀಲದಲ್ಲಿ ನೀರು ಮೇಲೆ ಬರುತ್ತದೆ. ಎತ್ತುಗಳು ಹಿಮ್ಮುಖವಾಗಿ ಹತ್ತಿದರೆ ಖಾಲಿ ಚೀಲ ಮತ್ತೆ ಬಾವಿಗಿಳಿಯುತ್ತದೆ. ಪಂಪ್‌ಸೆಟ್ ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ‘ಯೂಸ್ಡ್ ಟು’ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ಕೇಳಿದ ಕ್ಷಣವೇ ನನಗೂ ಅನ್ನಿಸಿತು. ನನಗೆ ಯಾಕೆ ಹೊಳೆಯಲಿಲ್ಲ ಎಂಬ ಉರಿಯಲ್ಲಿ ಆ ವಾರ ಊಟ ಸೇರಲಿಲ್ಲ.

ತಿಪ್ಪಣ್ಣನಿಗಂತೂ ಹಬ್ಬ. ‘ಗಾಲಿಗೆ ಎಣ್ಣೆ ಹಾಕಿದೀನಿ, ಹಗ್ಗ ಹೊಸಾದು. ಕಂಬ ನಮ್ಮಜ್ಜನ ಕಾಲದವು ಸಾರ್, ಆನೆ ಕಟ್ಟಿದ್ರೂ ಅಲ್ಲಾಡಾಕಿಲ್ಲ’ ಎಂದ. ಚರ್ಮದ ಚೀಲ ಗೆದ್ದಲು ತಿಂದಿದ್ದರಿಂದ ಅರ್ಧ ಕತ್ತರಿಸಿದ ತಗಡಿನ ಡ್ರಮ್ಮು ಕಟ್ಟಿದರು. ಪರಮೇಶಿ ಹಗ್ಗವನ್ನು ಜಗ್ಗಿ ನೋಡಿದರು, ಗಾಲಿಯನ್ನು ತಿರುಗಿಸಿ ನೋಡಿದರು. ಕಂಬವನ್ನು ಯಾರು ನೋಡುತ್ತಾರೆ?

ನನ್ನ ಕೆಲಸವನ್ನು ಹೆಡ್‌ಮಾಸ್ಟರು ಹೇಳಿದರು: ‘ಮೇಡಂ, ನೀವು ಕೋಲು ಹಿಡ್ಕಂಡು ಬಾವಿ ಪಕ್ಕ ನಿಂತ್ಕಳ್ರಿ. ಹುಡ್ರು ಗಲಾಟೆ ಮಾಡ್ದಂಗೆ ನೋಡ್ಕಂಡ್ರೆ ಸಾಕು.’

ಹಾಗಾಗಿ ನಾನು ಪಕ್ಕದಲ್ಲಿದ್ದೆ. ಅತಿಥಿಗಳ ಕುರ್ಚಿಗಳು ಇಳಿಜಾರಿನ ಕೆಳತುದಿಯಲ್ಲಿ, ಹುಣಸೆಮರದ ನೆರಳಿನಲ್ಲಿ, ಬಾವಿಗೆ ಮುಖ ಮಾಡಿಕೊಂಡಿದ್ದವು. ಈ ಜಾಗಗಳನ್ನು ನೆನಪಿಡಿ.

ಪಾಠ ಚೆನ್ನಾಗಿತ್ತು. ನನಗಿಂತ ಚೆನ್ನಾಗಿತ್ತು ಎಂದು ಬರೆಯಲು ಇಷ್ಟವಿಲ್ಲ, ಆದರೆ ಇತ್ತು. ಮಕ್ಕಳು ಒಬ್ಬೊಬ್ಬರಾಗಿ ತಿಪ್ಪಣ್ಣನನ್ನು ‘ವಾಟ್ ಡಿಡ್ ಯು ಯೂಸ್ ಟು ಡು, ತಾತ?’ ಎಂದು ಕೇಳಿದರು.

‘ಏನಂತಾವೆ ಇವು?’

‘ಮೊದ್ಲು ಏನ್ ಮಾಡ್ತಿದ್ದೆ ಅಂತ ಕೇಳ್ತಾವೆ ಕಣಜ್ಜ’ ಎಂದರು ಪರಮೇಶಿ.

‘ಹಗ್ಗದ ಮ್ಯಾಲೆ ಕುಂತ್ಕಂಡು ಪದ ಹೇಳ್ತಿದ್ದೆ. ಎತ್ತು ಇಳಿಯಾವು, ಅದ್ರ ಜತಿಗೆ ನಾನೂ ಇಳಿಯಾನು. ಈಗ ಬಟನ್ ಒತ್ತೋದು, ಪದ ಎಲ್ಲೈತೆ?’

ಮಕ್ಕಳು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಕುರ್ಚಿಗಳಿಂದ ಚಪ್ಪಾಳೆ ಬಂತು. ಆಮೇಲೆ ಆಟ. ಓಬಳೇಶ ಎಡಗಡೆಯ ಎತ್ತು, ಸಿದ್ದೇಶ ಎಂಬ ಇನ್ನೊಬ್ಬ ಬಲಗಡೆಯ ಎತ್ತು. ಇಬ್ಬರ ಎದೆಗೆ ಅಡ್ಡಲಾಗಿ ನೊಗದ ಹಾಗೆ ಒಂದು ಬಿದಿರು, ಅದಕ್ಕೆ ಹಗ್ಗ. ಬಿದಿರು ಜಾರಬಾರದೆಂದು ಪರಮೇಶಿ ತಮ್ಮ ಟವಲಿನಿಂದಲೂ ತಿಪ್ಪಣ್ಣನ ಹೆಗಲ ಮೇಲಿನ ವಲ್ಲಿಯಿಂದಲೂ ಅದನ್ನು ಇಬ್ಬರ ಸೊಂಟಕ್ಕೆ ಬಿಗಿದರು. ಅವರ ಹಿಂದೆ, ಬಾವಿಯ ಕಡೆಗೆ, ಏಳೆಂಟು ಮಕ್ಕಳು ಹಗ್ಗ ಹಿಡಿದರು. ಎಲ್ಲರ ಮುಖವೂ ಕೆಳಗೆ, ಕುರ್ಚಿಗಳ ಕಡೆಗೆ.

ಜಗ್ಗಿದರು. ಗಾಲಿ ಕಿರುಗುಟ್ಟಿತು. ನೀರು ತುಂಬಿದ ಡ್ರಮ್ಮು ಯಾರೂ ಎಣಿಸಿದ್ದಕ್ಕಿಂತ ಭಾರವಿತ್ತು. ಅದು ಅರ್ಧ ಬಾವಿಗೆ ಬಂದಾಗ ಎಡಗಂಬದ ಬುಡದ ಮಣ್ಣಿನಲ್ಲಿ ಒಂದು ಗೆರೆ ಬಿಟ್ಟಿತು. ಮಕ್ಕಳು ಮತ್ತೆ ಜಗ್ಗಿದರು. ಗೆರೆ ಬಾಯಿಬಿಟ್ಟು ಅದರೊಳಗಿಂದ ಕಪ್ಪಿರುವೆಗಳು ಗುಂಪುಗುಂಪಾಗಿ ಎದ್ದವು. ಕಂಬದ ತಲೆ ಇಳಿಜಾರಿನ ಕಡೆಗೆ, ಮಕ್ಕಳ ಬೆನ್ನಿನ ಕಡೆಗೆ, ವಾಲಿತು.

ಕೆಳಗೆ ಕೂತವರಿಗೆ ಕಾಣಲಿಲ್ಲ. ತಮ್ಮ ಕಡೆಗೇ ವಾಲುವ ಕಂಬ ನೆಟ್ಟಗೆ ನಿಂತಂತೆಯೇ ಕಾಣುತ್ತದೆ. ಪಕ್ಕದಿಂದ ನೋಡಿದವರಿಗೆ ಮಾತ್ರ ಕಾಣುವಂಥದ್ದು. ಪಕ್ಕದಲ್ಲಿದ್ದವಳು ನಾನು. ಕಂಬದ ಬುಡದಲ್ಲೇ ಇದ್ದ ಪರಮೇಶಿಯೂ ನೋಡಿದರು. ಎರಡೂ ಅಂಗೈ ಕಂಬಕ್ಕೆ ಆನಿಸಿ ಒತ್ತಿ ನಿಂತುಬಿಟ್ಟರು. ಮನುಷ್ಯನ ಕೈಗೆ ನಿಲ್ಲುವ ಕಲ್ಲಲ್ಲ ಅದು.

ಈಗಲೂ ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ನಾನು ಇದನ್ನೇ ಲೆಕ್ಕ ಹಾಕುತ್ತಿರುತ್ತೇನೆ. ಓಡಿ ಎಂದಿದ್ದರೆ ಎಲ್ಲರೂ ಮುಂದಕ್ಕೆ ನುಗ್ಗುತ್ತಿದ್ದರು, ಹಗ್ಗ ಬಿಗಿದು ಕಂಬ ಅವರ ಮೇಲೆ. ಬಿಡಿ ಎಂದಿದ್ದರೆ ಡ್ರಮ್ಮು ಬಾವಿಗೆ ಬಿದ್ದು, ಹಗ್ಗಕ್ಕೆ ಕಟ್ಟಿಸಿಕೊಂಡ ಆ ಇಬ್ಬರನ್ನು ದರದರನೆ ಬಾವಿಯ ಬಾಯಿಗೆ ಎಳೆಯುತ್ತಿತ್ತು. ಪರಮೇಶಿಯವರ ತುಟಿಗಳು ಸೇರಿದ್ದನ್ನು ನಾನು ನೋಡಿದೆ. ‘ಬಿಡ್ರೋ’ ಎನ್ನುವ ಮಾತಿನ ಮೊದಲ ಅಕ್ಷರ ಅದು. ಅದು ಹೊರಗೆ ಬೀಳುವ ಮೊದಲು, ಪಕ್ಕದ ಕಲ್ಲುತೊಟ್ಟಿಯ ಅಂಚಿಗೆ ನನ್ನ ಕೋಲು ಬಿತ್ತು.

ಒಂದೇ ಸಲ. ಜೋರಾಗಿ.

ಮಕ್ಕಳು ಇದ್ದಲ್ಲೇ ನಿಂತರು. ಕಾಲು ಎತ್ತಿದವರು ಎತ್ತಿದ ಹಾಗೆಯೇ. ಪರಮೇಶಿಯವರ ಬಾಯಿಯೂ ಮುಚ್ಚಿತು. ನಾನು ಓಡಲಿಲ್ಲ, ಓಡಿದರೆ ಮಕ್ಕಳು ತಿರುಗಿ ನೋಡುತ್ತಿದ್ದರು. ಕ್ಲಾಸಿನಲ್ಲಿ ಬೆಂಚುಗಳ ನಡುವೆ ನಡೆಯುವ ಹಾಗೆ ನಡೆದು ಹೋಗಿ ಒಂದು ಕೈಯಲ್ಲಿ ಹಗ್ಗ ಹಿಡಿದೆ.

‘ಒಂದು ತುಂಡಿಗೆ ಒಂದು ಹೆಜ್ಜೆ. ಹಿಂದಕ್ಕೆ. ಹಗ್ಗ ಬಿಡೋ ಹಂಗಿಲ್ಲ, ತಿರುಗಿ ನೋಡೋ ಹಂಗಿಲ್ಲ. ಹೂಂ, ದಿ ಬುಲಕ್ಸ್—’

ಕೋಲು ನೆಲಕ್ಕೆ ಕುಟ್ಟಿದೆ. ‘ದಿ ಬುಲಕ್ಸ್’ ಎಂದರು. ಒಂದು ಹೆಜ್ಜೆ.

‘ಯೂಸ್ಡ್ ಟು.’ ಒಂದು ಹೆಜ್ಜೆ. ‘ವಾಕ್ ಬ್ಯಾಕ್.’ ‘ಸ್ಲೋಲಿ.’

ಎತ್ತುಗಳು ನಿಧಾನವಾಗಿ ಹಿಂದಕ್ಕೆ ನಡೆಯುತ್ತಿದ್ದವು. ವಾಕ್ಯ ಮುಗಿಯಿತು, ಡ್ರಮ್ಮು ಇನ್ನೂ ನೀರು ಮುಟ್ಟಿರಲಿಲ್ಲ. ಬದಲಿ ಪಟ್ಟಿಯವಳಿಗೆ ವಾಕ್ಯದ ಬರವೇ? ಎತ್ತುಗಳನ್ನು ತೆಗೆದು ‘ದಿ ಫಾರ್ಮರ್’ ಹಾಕಿದೆ, ಅವನನ್ನು ತೆಗೆದು ‘ದಿ ಓಲ್ಡ್ ಮ್ಯಾನ್’ ಹಾಕಿದೆ. ಹಿಂದಕ್ಕೆ ಬರುವುದೆಂದರೆ ವಾಲಿದ ಕಂಬದ ಕಡೆಗೇ ಬರುವುದು. ಒಂದೊಂದು ತುಂಡಿಗೂ ಮಕ್ಕಳನ್ನು ಅದರ ಅಡಿಗೆ ಕರೆಯುತ್ತಿದ್ದವಳು ನಾನೇ. ಕಂಬಕ್ಕೆ ಹತ್ತಿರವಾದವರ ಭುಜಕ್ಕೆ ಕೋಲು ಮುಟ್ಟಿಸಿದೆ. ಸರದಿ ಮುಗಿಯಿತು ಎಂದು ಬದಿಗೆ ಸರಿದರು. ಒಬ್ಬೊಬ್ಬರು ಸರಿದಂತೆ ಹಗ್ಗ ನನ್ನ ಅಂಗೈಯನ್ನು ಕೊಯ್ಯತೊಡಗಿತು. ಕೊನೆಗೆ ಉಳಿದದ್ದು ನಾನು ಮತ್ತು ಇಬ್ಬರು ಎತ್ತುಗಳು. ಕಂಬದ ನೆರಳು ಓಬಳೇಶನ ತಲೆಯ ಮೇಲೆ ಬಂದಿತ್ತು. ‘ಸ್ಲೋಲಿ’ ಎಂದು ಅವನು ಎಲ್ಲರಿಗಿಂತ ಜೋರಾಗಿ ಕೂಗಿದ. ಆ ಕೂಗಿಗೇ ಕಂಬ ಬಿದ್ದೀತೇನೋ ಎನ್ನಿಸಿತು.

ಆಗ ಬಾವಿಯೊಳಗೆ ಡ್ರಮ್ಮು ನೀರು ಮುಟ್ಟಿದ ಶಬ್ದವಾಗಿ ಹಗ್ಗ ಸಡಿಲವಾಯಿತು. ನಾನು ಟವಲು, ವಲ್ಲಿ ಎರಡನ್ನೂ ಬಿಚ್ಚಿ ಹುಡುಗರನ್ನು ಬದಿಗೆ ಎಳೆದುಕೊಂಡೆ. ಕಂಬ ಹಾಗೆಯೇ ವಾಲಿಕೊಂಡು ನಿಂತಿತ್ತು.

ಕೆಳಗಿನಿಂದ ಚಪ್ಪಾಳೆ ಶುರುವಾಯಿತು. ನಿಂತು ತಟ್ಟಿದರು. ಇಳಿಯುವ ಎತ್ತು, ಹಿಮ್ಮುಖವಾಗಿ ಹತ್ತುವ ಎತ್ತು, ಎರಡನ್ನೂ ಮಕ್ಕಳಿಂದ ಮಾಡಿಸಿದ್ದು ಪಾಠದ ಕೊನೆಯ ಭಾಗ ಎಂದುಕೊಂಡಿದ್ದರು ಅವರು. ಪರಿವೀಕ್ಷಕರು ಬಂದು ಪರಮೇಶಿಯವರ ಬೆನ್ನು ತಟ್ಟಿ, ‘ಹಳೇ ವಿಧಾನನೂ ಹೊಸ ವಿಧಾನನೂ ಒಂದೇ ಪಾಠದಲ್ಲಿ! ಮೇಡಂ ಅವರನ್ನೂ ಚೆನ್ನಾಗಿ ಬಳಸ್ಕೊಂಡ್ರಿ ಕಣ್ರಿ’ ಎಂದರು. ಪರಮೇಶಿಯವರ ಅಂಗೈಗಳು ಇನ್ನೂ ಕಂಬದ ಮೇಲೇ ಇದ್ದವು. ತಲೆಯನ್ನು ಅಡ್ಡಡ್ಡ ಆಡಿಸಿದರು. ಅದನ್ನೂ ಎಲ್ಲರೂ ವಿನಯ ಎಂದುಕೊಂಡರು.

ಅತಿಥಿಗಳ ಉಪ್ಪಿಟ್ಟು ನಡೆಯುತ್ತಿರುವಾಗ ಪರಮೇಶಿ ನಲ್ಲಿಯ ಹತ್ತಿರ ನನ್ನನ್ನು ಕಂಡರು. ಮುಖ ತೊಳೆದದ್ದು ಸಾಲದೆ ಮತ್ತೆ ಮತ್ತೆ ತೊಳೆಯುತ್ತಿದ್ದರು. ‘ಮೇಡಂ, ನಾನು ಬಿಡ್ರಿ ಅನ್ನೋನಿದ್ದೆ.’

‘ಗೊತ್ತು.’

‘ಎಲ್ಲಾರಿಗೂ ಹೇಳ್ತೀನಿ. ಈಗ್ಲೇ.’

ಹೇಳಿದರು ಕೂಡ. ಅದೇ ನನ್ನ ದುರದೃಷ್ಟ. ಮೊದಲು ನಾನು ಹೆಡ್‌ಮಾಸ್ಟರ ಕೋಣೆಗೆ ಹೋಗಿ ಕಂಬದ ವಿಷಯ ಹೇಳಿ, ಆ ಬಾವಿಯ ಹತ್ತಿರ ಮಕ್ಕಳನ್ನು ಬಿಡಬಾರದು ಎಂದೆ. ಅವರು ಬಾಗಿಲು ಮುಂದೆ ಮಾಡಿ, ‘ಮೇಡಂ, ತಪ್ಪು ತಿಳ್ಕಾಬ್ಯಾಡ್ರಿ. ಇನ್ನೊಬ್ರು ಮೇಲೆ ಬಂದಾಗ ಹಿಂಗೆಲ್ಲ ಅನ್ಸೋದು ಸಹಜ’ ಎಂದರು. ಆಮೇಲೆ ಪರಮೇಶಿ ಒಳಗೆ ಹೋಗಿ ಅದನ್ನೇ ಹೇಳಿದರು, ಮೇಡಂ ಇಲ್ಲದಿದ್ದರೆ ಮಕ್ಕಳು ಉಳಿಯುತ್ತಿರಲಿಲ್ಲ ಎಂದರು. ಹೆಡ್‌ಮಾಸ್ಟರು ಹೊರಗೆ ಬಂದು ಸ್ಟಾಫ್‌ರೂಮಿನಲ್ಲಿ, ‘ಎಂಥಾ ದೊಡ್ಡ ಮನುಷ್ಯ ನೋಡ್ರಿ! ಹೆಸರನ್ನೆಲ್ಲ ಮೇಡಂಗೆ ಬಿಟ್ಟುಕೊಡ್ತಾ ಐದಾನೆ’ ಎಂದು ಕಣ್ಣೊರೆಸಿಕೊಂಡರು. ನಾನು ಹೇಳಿದರೆ ಅಸೂಯೆ, ಅವರು ಹೇಳಿದರೆ ಔದಾರ್ಯ. ಸತ್ಯ ಒಂದೇ.

ಬಾವಿಗೆ ಬೇಲಿ ಹಾಕಿದವನು ತಿಪ್ಪಣ್ಣ. ಆ ಸಂಜೆಯೇ ಜಾಲಿಮುಳ್ಳು ತಂದು ಸುತ್ತಲೂ ಹಾಸಿದ. ಅವನು ಕಂಬವನ್ನು ಪಕ್ಕದಿಂದ ನೋಡಿದ್ದ. ಅದಾದ ಮೇಲೆ ಪರಮೇಶಿಯವರನ್ನು ಜಿಲ್ಲೆಯಲ್ಲೆಲ್ಲ ತರಬೇತಿ ಕೊಡಲು ಕರೆದರು, ಮುಂದಿನ ವರ್ಷ ಹೊಸದುರ್ಗದ ಕಡೆಗೆ ವರ್ಗವಾಯಿತು. ಒಂಬತ್ತು ದಾಟಿ ಹತ್ತಕ್ಕೆ ಬಂದ ಮಕ್ಕಳು ನನಗೆ ಸಿಕ್ಕರು. ಮೊದಲ ದಿನವೇ ಓಬಳೇಶ ಎದ್ದು ಕೇಳಿದ: ‘ಮೇಡಂ, ಪರಮೇಶಿ ಸಾರ್ ವಾಪಸ್ ಬರಲ್ವಾ?’

ಕಾಲ ಹೋಗುತ್ತಾ ವಿಧಾನಗಳು ಇನ್ನೂ ಬದಲಾದವು. ಟೇಪ್ ರೆಕಾರ್ಡರ್ ಬಂತು, ರೇಡಿಯೋ ಪಾಠ ಬಂತು, ಬಣ್ಣದ ಕಾರ್ಡುಗಳ ಪೆಟ್ಟಿಗೆ ಬಂತು. ನಾನೂ ಕೊನೆಯ ವರ್ಷಗಳಲ್ಲಿ ಅಜ್ಜ ಅಜ್ಜಿಯನ್ನು ಕೇಳಿಕೊಂಡು ಬನ್ನಿ ಎನ್ನತೊಡಗಿದೆ. ಅದು ಯಾರದು ಎಂದು ಯಾರಿಗೂ ಹೇಳಲಿಲ್ಲ. ಮಕ್ಕಳು ನಗುತ್ತಿದ್ದರು, ಆದರೆ ಹಲಗೆಯ ಆಚೆ ಕೇಳಿದಷ್ಟು ನಗು ಅಲ್ಲ.

ನಾನು ನಿವೃತ್ತಳಾದ ಮರುವರ್ಷ ಓಬಳೇಶ ಮನೆಗೆ ಬಂದ. ಕಡ್ಡಿ ಕಾಲು ಪ್ಯಾಂಟಿನೊಳಗೆ ತುಂಬಿಕೊಂಡಿತ್ತು. ಹಿರಿಯೂರು ಕಡೆಯ ಹೈಸ್ಕೂಲಿಗೆ ಇಂಗ್ಲಿಷ್ ಶಿಕ್ಷಕನಾಗಿ ಸೇರಿದ್ದ. ನನಗೆ ಎದೆ ತುಂಬಿತು. ಸೋಫಾದಲ್ಲಿ ಕೂತವನೇ, ‘ಮೇಡಂ, ನಮ್ಮ ಸ್ಕೂಲಲ್ಲಿ ಮಾದರಿ ಪಾಠ ಇಟ್ಕಂಡಿದೀನಿ. ಯೂಸ್ಡ್ ಟು. ಪಕ್ಕದ ತೋಟದಲ್ಲಿ ಕಪಿಲೆ ಬಾವಿ ಐತೆ, ಕಂಬ ಗಾಲಿ ಎಲ್ಲ ಹಂಗೇ ಅವೆ. ಪರಮೇಶಿ ಸಾರ್ ಮಾಡಿದ್ರಲ್ಲ, ಅದೇ ಪಾಠ. ಸಾರ್‌ನೇ ಕರಿಯಾಣ ಅಂತ ಫೋನ್ ಮಾಡ್ದೆ, ಮಗಳ ಮನೆಗೆ ಹೋಗ್ಯಾರಂತೆ, ಸಿಗ್ಲಿಲ್ಲ. ಅದಕ್ಕೆ ನೀವಾದ್ರೂ ಬರ್ರಿ’ ಎಂದ.

‘ನೀವಾದ್ರೂ’ ಎನ್ನುವುದನ್ನು ನುಂಗಿಕೊಂಡೆ. ಬಾವಿ ಎಂದದ್ದು ನುಂಗಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಗೆರೆ, ಇರುವೆ, ವಾಲಿದ ಕಂಬ, ಅವನ ಸೊಂಟದ ಟವಲು. ಅವನು ತಲೆ ತಗ್ಗಿಸಿ ಕೇಳಿ, ಮೆಲ್ಲಗೆ ನಕ್ಕ.

‘ಮೇಡಂ, ಬೇಜಾರು ಮಾಡ್ಕಾಬ್ಯಾಡ್ರಿ. ನಿಮಗೂ ಸಾರ್‌ಗೂ ಅಷ್ಟಕ್ಕಷ್ಟೆ ಅಂತ ನಮಗೆಲ್ಲ ಆಗ್ಲೇ ಗೊತ್ತಿತ್ತು. ಸೀಬೆಹಣ್ಣಿನ ಕತೆ ಇಡೀ ಸ್ಕೂಲಿಗೇ ಗೊತ್ತು. ಅದು ಪಾಠ ಮೇಡಂ. ಹಿಂದಕ್ಕೆ ನಡಿಯೋದೂ ಪಾಠನೇ. ನಾನೇ ಎತ್ತಾಗಿದ್ನಲ್ಲ?’

ನನ್ನ ಹೊಟ್ಟೆಕಿಚ್ಚು ಅಷ್ಟು ಪ್ರಸಿದ್ಧವಾಗಿತ್ತು. ನಿಜ ಹೇಳಿದರೂ ಅದರ ವಾಸನೆಯೇ ಬರುತ್ತಿತ್ತು. ಅವನು ಎದ್ದು ಹೊರಡಲಿದ್ದ. ಅವನ ಶಾಲೆಯಲ್ಲಿ ಯಾವನೋ ಇನ್ನೊಬ್ಬ ಕಡ್ಡಿ ಕಾಲಿನವನು ಎಡಗಡೆಯ ಎತ್ತಾಗಲು ಕಾಯುತ್ತಿದ್ದ. ನಾನು ಚಪ್ಪಲಿ ಮೆಟ್ಟಿದೆ. ‘ನಡಿ, ಹೊಳಲ್ಕೆರೆ ಬಸ್ ಹತ್ತಾಣ. ಆ ಬಾವಿ ತೋರಿಸ್ತೀನಿ. ಆಮೇಲೆ ನಿನ್ನಿಷ್ಟ.’

‘ಈಗ್ಲೇನಾ ಮೇಡಂ?’

‘ಈಗ್ಲೇ.’

ದಾರಿಯುದ್ದಕ್ಕೂ ನನಗೆ ಒಂದೇ ಭಯ. ಯಾರಾದರೂ ಆ ಕಂಬವನ್ನು ನೆಟ್ಟಗೆ ನಿಲ್ಲಿಸಿ ಗಾರೆ ಹಾಕಿಬಿಟ್ಟಿದ್ದರೆ? ಹಾಗಿದ್ದರೆ ನನ್ನ ಮಾತನ್ನು ಯಾರೂ ಯಾವತ್ತೂ ನಂಬುವುದಿಲ್ಲ.

ತಿಪ್ಪಣ್ಣ ತೀರಿಹೋಗಿದ್ದ. ಅವನ ಮಗ ಬೇಲಿ ಸರಿಸಿ ನಮ್ಮನ್ನು ಒಳಗೆ ಬಿಟ್ಟ. ಬಲಗಂಬ ನಿಂತಿತ್ತು. ಎಡಗಂಬ ಇಳಿಜಾರಿನ ಮೇಲೆ ಉದ್ದಕ್ಕೆ ಮಲಗಿತ್ತು, ಅರ್ಧ ಹುಲ್ಲಿನಲ್ಲಿ ಮುಚ್ಚಿಹೋಗಿತ್ತು.

‘ಯಾವಾಗ ಬಿತ್ತಪ್ಪ ಇದು?’ ಎಂದೆ.

‘ಹೋದ್ವರ್ಷ ಮೇಡಂ. ಎಮ್ಮೆ ಕಟ್ಟಿದ್ವಿ. ಎಮ್ಮೆ ಬೆನ್ನು ಉಜ್ಜಿಕಂತು, ಅಷ್ಟಕ್ಕೇ ಬಿತ್ತು. ಹಗ್ಗ ಉದ್ದ ಇತ್ತು, ಎಮ್ಮೆ ತಪ್ಪಿಸ್ಕಂತು.’

ಓಬಳೇಶ ಇಳಿಜಾರಿಗೆ ಇಳಿದ. ತಾನು ಆವತ್ತು ಹಿಮ್ಮುಖವಾಗಿ ಬಂದು ನಿಂತಿದ್ದ ಜಾಗ ಅವನ ಕಾಲಿಗೆ ನೆನಪಿತ್ತು. ಅಲ್ಲಿ ನಿಲ್ಲಲು ಹೋದರೆ ಜಾಗವಿರಲಿಲ್ಲ, ಕಲ್ಲಿತ್ತು. ಅದರ ಮೇಲೆ ಕೂತ. ಅಂಗೈಯಿಂದ ಕಲ್ಲನ್ನು ಸವರಿದ. ನಾನು ಕಾಯುತ್ತಿದ್ದೆ. ಇಷ್ಟು ವರ್ಷ ಯಾವ ಮಾತಿಗೆ ಕಾದಿದ್ದೆನೋ ಅದಕ್ಕೇ ಕಾಯುತ್ತಿದ್ದೆ.

‘ಅಯ್ಯೋ ಪಾಪ’ ಎಂದ ಓಬಳೇಶ. ಅವನ ಕಣ್ಣು ತುಂಬಿತ್ತು. ‘ಸಾರ್‌ಗೆ ಆವತ್ತು ಎಷ್ಟು ಭಯ ಆಗಿರ್ಬೇಕು ಮೇಡಂ!’

ನಾನು ಬಲಗಂಬವನ್ನು ನೋಡುತ್ತಾ ನಿಂತೆ.

ಅವನು ಅಲ್ಲೇ ಜೇಬಿನಿಂದ ಮೊಬೈಲು ತೆಗೆದು ಮತ್ತೆ ಪರಮೇಶಿಯವರಿಗೆ ಫೋನ್ ಮಾಡಿದ. ಈ ಸಲ ಸಿಕ್ಕರು. ಬಾವಿ ಪಾಠ ಬಿಟ್ಟೆ ಸಾರ್, ಕ್ಲಾಸಲ್ಲೇ ಮಾಡ್ತೀನಿ, ಮೇಡಂ ಕರ್ಕಂಡು ಬಂದು ಕಂಬ ತೋರ್ಸಿದ್ರು ಎಂದ. ಆಚೆಯಿಂದ ಏನೋ ಹೇಳಿದರು. ಅವನು ಫೋನನ್ನು ನನಗೆ ಕೊಟ್ಟ.

‘ಮೇಡಂ,’ ಪರಮೇಶಿಯವರ ದನಿಗೆ ವಯಸ್ಸಾಗಿತ್ತು. ‘ನಂಗೆ ಅದು ಇನ್ನೂ ಕನಸಲ್ಲಿ ಬರ್ತದೆ. ಕಂಬ ಬೀಳ್ತದೆ. ಬಿದ್ದ ಕೂಡ್ಲೇ ಎಚ್ಚರ ಆಗ್ತದೆ. ನಿಮಗೆ?’

‘ನನಗೂ ಬರುತ್ತೆ ಸಾರ್’ ಎಂದು ಫೋನನ್ನು ಓಬಳೇಶನಿಗೆ ವಾಪಸು ಕೊಟ್ಟೆ.

ಪೂರ್ತಿ ಹೇಳಲಿಲ್ಲ. ಅವರ ಕನಸಿನಲ್ಲಿ ಕಂಬ ಬೀಳುತ್ತದೆ, ಎಚ್ಚರವಾಗುತ್ತದೆ, ಎದ್ದು ನೀರು ಕುಡಿದು ಮಲಗಬಹುದು. ನನ್ನ ಕನಸಿನಲ್ಲಿ ಅದು ವಾಲಿಕೊಂಡೇ ನಿಂತಿರುತ್ತದೆ. ಮಕ್ಕಳು ಹಗ್ಗ ಹಿಡಿದು ಕಾಯುತ್ತಿರುತ್ತಾರೆ, ನಾನು ಬೆಳಗಾಗುವವರೆಗೂ ಕೋಲು ಕುಟ್ಟುತ್ತಾ ಒಂದೊಂದೇ ತುಂಡು ಹೇಳಿಕೊಡುತ್ತಿರುತ್ತೇನೆ. ಕನಸಿನ ವಿಷಯದಲ್ಲೂ ಆ ಮನುಷ್ಯನಿಗೇ ಒಳ್ಳೆಯದು ಸಿಕ್ಕಿದೆ.